ರಾಯರ ಎಣ್ಣೆ, ಟೆಂಪಲ್ ದೊರೆಯ ಧಾನ್ಯ ಮತ್ತು ನನ್ನ ಹೊಟ್ಟೆ

ನನಗೆ ಹಸಿವು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಮೆಸ್ಸಿನ ಭಟ್ಟರು ನನ್ನ ಮುಖ ಕಂಡ ಕೂಡಲೇ ಇನ್ನೊಂದು ಪಾತ್ರೆ ಅನ್ನಕ್ಕೆ ಇಡುತ್ತಿದ್ದರು ಅನ್ನುವುದು ಗೆಳೆಯರು ಹಬ್ಬಿಸಿದ ಸುದ್ದಿ. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಆಮೇಲೆ ಬೆಂಗಳೂರಿಗೆ ಬಂದು ಆರು ವರ್ಷ ಕುರ್ಚಿಗೆ ಅಂಟಿಕೊಂಡು ಕೋಡ್ ಬರೆದೆ. ಕೆಲಸ ಬೆರಳ ತುದಿಗೆ ಬಂತು, ಊಟ ಮಾತ್ರ ಹಾಸ್ಟೆಲ್‌ನಲ್ಲಿ ಇದ್ದಷ್ಟೇ ಉಳಿಯಿತು. ಕಳೆದ ವರ್ಷದ ಕೊನೆಗೆ ತಕ್ಕಡಿ ತೋರಿಸಿದ್ದು 96 ಕಿಲೋ. ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1. ಅದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತಿದ್ದೀಯ ಅಂತ ಅರ್ಥ. ಡಯಟಿಷಿಯನ್ ಒಂದು ಚೀಟಿ ಕೊಟ್ಟರು: ದಿನಕ್ಕೆ 1,600 ಕ್ಯಾಲೊರಿ. ಈ 1,600 ಅನ್ನುವ ಸಂಖ್ಯೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಯುಗಾದಿಗೆ ಊರಿಗೆ, ಅಂದರೆ ಹೊಸಪೇಟೆಗೆ ಹೋಗಿದ್ದೆ. ಹಬ್ಬದ ಮರುದಿನ, ಹೋಳಿಗೆಯ ಪಾಪ ಕಳೆಯಲು ಹಂಪಿಯಲ್ಲಿ ಒಂದಿಷ್ಟು ನಡೆದು ಬರೋಣ ಅಂತ ಚಿಕ್ಕಪ್ಪನ ಮಗನ ಜೊತೆ ಹೊರಟೆ. ಹೇಮಕೂಟದ ಇಳಿಜಾರಿನಲ್ಲಿ ಇಬ್ಬರು ಗಣಪತಿಯರಿದ್ದಾರಲ್ಲ, ಒಬ್ಬ ಕಡಲೆಕಾಳು, ಒಬ್ಬ ಸಾಸಿವೆಕಾಳು. (ನಮ್ಮೂರ ಕಡೆ ದೇವರಿಗೂ ಅಡುಗೆಮನೆಯ ಡಬ್ಬಿಯಿಂದಲೇ ಹೆಸರು!) ಸಾಸಿವೆಕಾಳು ಗಣಪನ ಮಂಟಪದ ಶಾಸನ 1506ರದು, ಚಂದ್ರಗಿರಿಯ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಕತೆ ನಿಮಗೆಲ್ಲ ಗೊತ್ತೇ ಇದೆ, ಹೊಟ್ಟೆ ಬಿರಿಯುವಷ್ಟು ತಿಂದ ಗಣಪ ಅದು ಒಡೆಯದಿರಲಿ ಅಂತ ಹಾವನ್ನು ಹಿಡಿದು ಸೊಂಟಕ್ಕೆ ಬಿಗಿದುಕೊಂಡ. ತಮ್ಮ ವಿಗ್ರಹವನ್ನು ನೋಡಿದ, ನನ್ನನ್ನು ನೋಡಿದ. "ಅಣ್ಣ, ನಿನಗೂ ಒಂದು ಹಾವು ಬೇಕಾಗೈತಿ. ಬೆಲ್ಟ್ ತಡಿಯಂಗಿಲ್ಲ" ಅಂದ.

ನಾನು ಸುಮ್ಮನಿರಲಿಲ್ಲ. ನನ್ನ ಹತ್ತಿರ ಒಂದು ಹಳೆಯ ಬ್ರಹ್ಮಾಸ್ತ್ರವಿತ್ತು. "ಕೃಷ್ಣದೇವರಾಯ ದಿನಾ ಬೆಳಿಗ್ಗೆ ಎಣ್ಣೆ ಕುಡೀತಿದ್ದ, ಗೊತ್ತಾ? ನಾನು ಎರಡು ಮಿರ್ಚಿ ಜಾಸ್ತಿ ತಿಂದರೆ ಏನಾಯ್ತು?" ಈ ವಾದವನ್ನು ನಾನು ಹತ್ತು ವರ್ಷದಿಂದ ಬಳಸುತ್ತಿದ್ದೇನೆ. ಅವತ್ತು ರಾತ್ರಿ ಯಾಕೋ, ಇದನ್ನು ಒಮ್ಮೆ ಸರಿಯಾಗಿ ಓದಿಯಾದರೂ ನೋಡೋಣ ಅನ್ನಿಸಿತು.

ಇದನ್ನು ಬರೆದವನು ಡೊಮಿಂಗೊ ಪೇಸ್, ಸುಮಾರು 1520ರಿಂದ 1522ರ ಹೊತ್ತಿಗೆ ವಿಜಯನಗರವನ್ನು ನೋಡಿದ ಪೋರ್ಚುಗೀಸ. ಅವನ ಬರಹ ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಿಂದಾಗಿ ನಮಗೆಲ್ಲ ಸಿಕ್ಕಿತು. ಪೇಸ್ ಹೇಳುವುದು ಹೀಗೆ: ರಾಯರು ದಿನವೂ ಬೆಳಕು ಹರಿಯುವ ಮುಂಚೆ ಒಂದು 'ಕ್ವಾರ್ಟಿಲ್ಯೊ' ಎಳ್ಳೆಣ್ಣೆ ಕುಡಿಯುತ್ತಾರೆ, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುತ್ತಾರೆ. ಸೊಂಟಕ್ಕೊಂದು ಚಿಕ್ಕ ಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಾರೆ. ಆಮೇಲೆ ಕತ್ತಿ ಹಿಡಿದು, ಆ ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಸಾಧನೆ. ಆಮೇಲೆ ತಮ್ಮ ಜಟ್ಟಿಗಳಲ್ಲಿ ಒಬ್ಬನ ಜೊತೆ ಕುಸ್ತಿ. ಆಮೇಲೆ ಕುದುರೆ ಹತ್ತಿ ಬೆಳಗಾಗುವವರೆಗೆ ಬಯಲಲ್ಲಿ ಓಡಾಟ. ಸ್ನಾನ, ಪೂಜೆ, ರಾಜ್ಯದ ಕೆಲಸ, ಎಲ್ಲ ಇದಾದ ಮೇಲೆ.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಬಿಡುವುದಿಲ್ಲ. ಕ್ವಾರ್ಟಿಲ್ಯೊ ಅಂದರೆ ಮುಕ್ಕಾಲು ಪೈಂಟ್ ಅನ್ನುತ್ತಾನೆ ಸೆವೆಲ್. ಕಡಿಮೆ ಅಂದರೂ 350 ಮಿಲಿ ಅಂದುಕೊಳ್ಳಿ. ಅಷ್ಟು ಎಣ್ಣೆ ಸುಮಾರು 320 ಗ್ರಾಂ ತೂಗುತ್ತದೆ, ಗ್ರಾಮಿಗೆ 9 ಕ್ಯಾಲೊರಿ. ಹತ್ತಿರ ಹತ್ತಿರ 2,900 ಕ್ಯಾಲೊರಿ! ತಿಂಡಿಗೂ ಮುಂಚೆ! ಭಾರ, ಕತ್ತಿ, ಕುಸ್ತಿ, ಕುದುರೆ ಎಲ್ಲ ಸೇರಿಸಿ ಎರಡು ಗಂಟೆ ಜೀವ ಹೋಗುವ ಹಾಗೆ ದುಡಿದರೂ ಅದರ ಅರ್ಧ ಕರಗಿಸುವುದು ಕಷ್ಟ. ಕುಡಿದ ಎಣ್ಣೆ ಬೆವರಾಗಿ ಹೊರಗೆ ಬರುವುದೂ ಇಲ್ಲ; ಬರುವುದು ಮೈಗೆ ಹಚ್ಚಿಕೊಂಡದ್ದು.

ಹಾಗಾದರೆ ಪೇಸ್ ಸುಳ್ಳು ಹೇಳಿದನಾ? ನನಗೆ ಹಾಗೆ ಅನ್ನಿಸುವುದಿಲ್ಲ. ಬೆಳಗಿನ ಜಾವ ಅರಮನೆಯೊಳಗೆ ಅವನು ದಿನವೂ ನಿಂತು ನೋಡಿರಲಾರ, ಯಾರೋ ಹೇಳಿದ್ದನ್ನು ಬರೆದಿರಬೇಕು. ನಮ್ಮ ವೈದ್ಯದಲ್ಲಿ ಕೆಲವು ದಿನ ಮಾತ್ರ ಎಣ್ಣೆ ಅಥವಾ ತುಪ್ಪ ಕುಡಿಸುವ ಸ್ನೇಹಪಾನ ಅನ್ನುವ ಪದ್ಧತಿಯೂ ಇದೆ. ಅಂಥದ್ದೊಂದು ಅರಮನೆಯ ಹೊರಗೆ ಬರುವಷ್ಟರಲ್ಲಿ 'ದಿನವೂ' ಆಯಿತೋ ಏನೋ. ಇದು ನನ್ನ ಊಹೆ ಅಷ್ಟೆ.

ಆದರೆ ನನ್ನ ಬ್ರಹ್ಮಾಸ್ತ್ರವನ್ನು ಮೊಂಡು ಮಾಡಿದ್ದು ಇನ್ನೊಂದು ವಾಕ್ಯ. ಅದೇ ಪೇಸ್, ರಾಯರನ್ನು ಹತ್ತಿರದಿಂದ ಕಂಡವನು, ಅವರ ರೂಪ ವರ್ಣಿಸುತ್ತಾ ಮಧ್ಯಮ ಎತ್ತರ, ಒಳ್ಳೆಯ ಮೈಕಟ್ಟು, ಮುಖದ ಮೇಲೆ ಸಿಡುಬಿನ ಕಲೆ ಅನ್ನುತ್ತಾನೆ. ಜೊತೆಗೆ, ತೆಳ್ಳಗಿಲ್ಲ, ದಪ್ಪದ ಕಡೆಗೇ ವಾಲಿದ ದೇಹ ಅಂತಲೂ ಸೇರಿಸುತ್ತಾನೆ. ತಿರುಮಲದಲ್ಲಿ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ರಾಯರ ವಿಗ್ರಹದ ಸಪೂರ ಸೊಂಟ ನೋಡಿದವರಿಗೆ ಇದು ನಂಬುವ ಮಾತೇ ಅಲ್ಲ. ನನಗಂತೂ ಖುಷಿಯಾಯಿತು, ನಮ್ಮ ಗುಂಪಿನವರು ಅಂತ :-) ಆಮೇಲೆ ನೆತ್ತಿಗೇರಿತು: ದಿನಾ ಕುಸ್ತಿ ಆಡಿ ಕುದುರೆ ಓಡಿಸಿದ ಮನುಷ್ಯನೇ ದಪ್ಪದ ಕಡೆ ವಾಲಿದ್ದರೆ, ಲಿಫ್ಟ್ ಇಲ್ಲದೆ ಮೂರನೇ ಮಹಡಿ ಹತ್ತದ ನನ್ನ ಗತಿ?

ಊರೂ ಹಾಗೇ ಇತ್ತು ಅನ್ನಿ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕ್‌ನಿಗೆ ದಿನವೂ ಬರುತ್ತಿದ್ದ ಪಡಿ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ, ಸಕ್ಕರೆ. ಪರಿವಾರಕ್ಕೆಲ್ಲ ಸೇರಿ ಅಂದುಕೊಂಡರೂ ಕಡಿಮೆಯೇನಲ್ಲ. ಪೇಸ್ ಕಾಲಕ್ಕೆ ನಗರದೊಳಗೆ ಒಂದು ಹಣಕ್ಕೆ ಮೂರು ಕೋಳಿ, ಹೊರಗೆ ಹೋದರೆ ನಾಲ್ಕು. (ಸಿಟಿಯಲ್ಲಿ ಆಗಲೂ ರೇಟು ಜಾಸ್ತಿ!) 1535ರ ಆಸುಪಾಸಿನಲ್ಲಿ ಬರೆದ ನ್ಯೂನಿಜ್ ಅಂತೂ ಪೇಟೆಯಲ್ಲಿ ಗುಬ್ಬಿ, ಇಲಿ, ಬೆಕ್ಕು ಕೂಡ ಮಾರುತ್ತಾರೆ, ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಾಗಲಿ ಅಂತ ಜೀವಂತವಾಗಿಯೇ ಇಟ್ಟಿರುತ್ತಾರೆ ಅನ್ನುತ್ತಾನೆ. ಹಂಪಿಯಲ್ಲಿ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳಿರುವ 'ಭೋಜನಶಾಲೆ' ನೋಡಿದ್ದೀರಾ? ಅನ್ನಕ್ಕೊಂದು ಅಗಲದ ತಗ್ಗು, ಪಲ್ಯ-ಚಟ್ನಿಗೆ ಪುಟ್ಟ ಪುಟ್ಟ ಕುಳಿಗಳು. ನಾನು ಅಂಗೈ ಇಟ್ಟು ಅಳತೆ ಮಾಡಿದ್ದೇನೆ. ನನಗೆ ಸಾಕಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ತಮಾಷೆಯ ಬರಹ ಆಗುತ್ತಿತ್ತು. ಆದರೆ ಮೂರನೇ ದಿನ ಕಂಪ್ಲಿಗೆ, ಅಜ್ಜಿಯ ಮನೆಗೆ ಹೋದೆ.

ಅಜ್ಜಿ ಬಿಸಿ ರೊಟ್ಟಿ ಬಡಿದು ಹಾಕುತ್ತಲೇ ಇದ್ದರು. ಮೂರಕ್ಕೆ ಕೈ ಅಡ್ಡ ಹಿಡಿದೆ. "ಮೂರು ರೊಟ್ಟಿ ಒಂದು ಊಟನೇನಪ್ಪ? ನಿಮ್ಮ ತಾತ ಎಂಟು ತಿಂದು ಆಮ್ಯಾಗ ಅನ್ನ ಕೇಳ್ತಿದ್ರು" ಅಂದರು. ಗೋಡೆಯ ಮೇಲೆ ತಾತನ ಫೋಟೋ. ತಾತ ಹುಡುಗನಾಗಿದ್ದಾಗ ಕಂಪ್ಲಿಯ ಗರಡಿಯಲ್ಲಿ ಮಣ್ಣು ಹೊತ್ತವರು, ಆಮೇಲೆ ಮೂವತ್ತು ವರ್ಷ ಸಂಡೂರಿನ ಬೆಟ್ಟದಲ್ಲಿ ಅದಿರು ಒಡೆದು, ಬುಟ್ಟಿಯಲ್ಲಿ ಹೊತ್ತವರು. ಯಂತ್ರಗಳು ಬಂದು ಬೆಟ್ಟವನ್ನೇ ಬಗೆಯುವುದಕ್ಕೆ ಮುಂಚಿನ ಕಾಲ ಅದು. ಕೆಂಪು ಧೂಳಿನಲ್ಲಿ ದಿನವಿಡೀ ಏರಿ ಇಳಿಯುವ ಮೈಗೆ ಎಂಟು ರೊಟ್ಟಿ ಲೆಕ್ಕವೇ ಅಲ್ಲ. ವಯಸ್ಸಾಗಿ ಕೆಲಸ ಬಿಟ್ಟು ಕಂಪ್ಲಿಗೆ ಬಂದರು. ಕೆಲಸ ನಿಂತಿತು, ಎಂಟು ರೊಟ್ಟಿ ನಿಲ್ಲಲಿಲ್ಲ. ಸುತ್ತ ಭತ್ತ, ಕಬ್ಬು, ಬಾಳೆಯ ಊರು, ಅನ್ನಕ್ಕೂ ಬೆಲ್ಲಕ್ಕೂ ಏನು ಕೊರತೆ? ಸಕ್ಕರೆ ಕಾಯಿಲೆ ಬಂತು. ಮೊದಲು ಒಂದು ಬೆರಳು ತೆಗೆದರು, ಆಮೇಲೆ ಪಾದ. ಆಗ ನಾನು ಆರನೇ ಕ್ಲಾಸು. ಕಡೆಯ ಎರಡು ವರ್ಷ ಅವರು ಕಟ್ಟೆಯ ಮೇಲೆ ಕೂತು, ಊಟದ ಹೊತ್ತಿಗೆ ಮಾತ್ರ ಒಳಗೆ ನೋಡುತ್ತಿದ್ದರು. ಆ ನೋಟ ನನಗೆ ನೆನಪಿದೆ.

ತಟ್ಟೆಯಲ್ಲಿ ಅಗುಳು ಬಿಟ್ಟರೆ ತಾತನಿಗೆ ಎಲ್ಲಿಲ್ಲದ ಸಿಟ್ಟು. ಉಂಡ ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯುತ್ತಿದ್ದರು, ನಮಗೂ ಕುಡಿಸುತ್ತಿದ್ದರು. ಅದಕ್ಕೆ ಮನೆತನದ ಆಚಾರವೂ ಕಾರಣ ಇರಬಹುದು. ಆದರೆ ತಾತ ಹೇಳುತ್ತಿದ್ದ ಕಾರಣ ಬೇರೆ: ಅವರ ಅಜ್ಜಿ 'ದಾತು ಬರ' ಕಂಡವಳು.

ಧಾತು ಸಂವತ್ಸರ, 1876-77. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಆ ಬರಕ್ಕೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು, ನಮ್ಮ ಹೊಸಪೇಟೆ, ಕಂಪ್ಲಿ ಎಲ್ಲ ಆಗ ಅದರೊಳಗೇ. 1878ರವರೆಗೆ ಎಳೆದ ಆ ಬರದಲ್ಲಿ ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಮೀರಿ. ಖರ್ಚು ಕಡಿಮೆ ಮಾಡಲು ಸರ್ಕಾರ ರಿಚರ್ಡ್ ಟೆಂಪಲ್ ಎಂಬ ದೊರೆಯನ್ನು ಕಳಿಸಿತು. ಬರಗಾಲದ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್, ಅಂದರೆ 450 ಗ್ರಾಂ ಧಾನ್ಯ ಮತ್ತು ಒಂದಾಣೆ ಸಾಕು ಅಂತ 1877ರಲ್ಲಿ ಅವನು ನಿಗದಿ ಮಾಡಿದ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇದಕ್ಕೆ 'ಟೆಂಪಲ್ ಕೂಲಿ' ಅಂತಲೇ ಹೆಸರಾಯಿತು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಶ್ ಎಂಬ ವೈದ್ಯ, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ, ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ-ತರಕಾರಿ ಬೇಕು ಅಂತ ಹಟ ಹಿಡಿದ. ಆ ವರ್ಷದ ಮಾರ್ಚಿನಲ್ಲಿ ಮದ್ರಾಸ್ ಸರ್ಕಾರ ನಡುದಾರಿ ಹಿಡಿದು ಒಂದೂಕಾಲು ಪೌಂಡ್ ಮತ್ತು ಒಂದಿಷ್ಟು ಬೇಳೆ ಮಾಡಿತು.

ಮತ್ತೆ ಲೆಕ್ಕಕ್ಕೆ ಬನ್ನಿ. 450 ಗ್ರಾಂ ಧಾನ್ಯ, ಗ್ರಾಮಿಗೆ ಮೂರೂವರೆ ಕ್ಯಾಲೊರಿ. ಸುಮಾರು 1,600.

ನನ್ನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿರುವ ಸಂಖ್ಯೆ! ಕಂಪ್ಲಿಯ ಮನೆಯ ಕಟ್ಟೆಯ ಮೇಲೆ ಮೊಬೈಲ್‌ನಲ್ಲಿ ಇದನ್ನು ಗುಣಿಸಿ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಮೊದಲು ಬಂದದ್ದು ಕೆಟ್ಟ ಯೋಚನೆ: ನೋಡು, ನನ್ನನ್ನೂ ಬರಗಾಲದ ಕ್ಯಾಂಪಿಗೆ ಹಾಕಿದ್ದಾರೆ, ಹಸಿವಾಗದೆ ಇನ್ನೇನು! ಇನ್ನೊಂದು ರೊಟ್ಟಿಗೆ ಇದಕ್ಕಿಂತ ಒಳ್ಳೆ ನೆಪ ಸಿಗಲಾರದು. ಆದರೆ ಲೆಕ್ಕವನ್ನು ಪೂರ್ತಿ ಮಾಡಬೇಕಲ್ಲ. ನನ್ನ ಎತ್ತರಕ್ಕೆ ಇರಬೇಕಾದ್ದು 75 ಕಿಲೋ ಅಂತಿಟ್ಟುಕೊಂಡರೂ ಮೈಮೇಲೆ 21 ಕಿಲೋ ಹೆಚ್ಚುವರಿ. ಒಂದು ಕಿಲೋ ಕೊಬ್ಬಿಗೆ ಅಂದಾಜು 7,700 ಕ್ಯಾಲೊರಿ. ಒಟ್ಟು ಒಂದು ಲಕ್ಷದ ಅರವತ್ತು ಸಾವಿರ. ಟೆಂಪಲ್ ಕೂಲಿಯ ಲೆಕ್ಕದಲ್ಲಿ ನೂರು ದಿನದ ಊಟ! ನಮ್ಮ ಕಡೆ ಹಿಂದೆ ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ನನ್ನ ಹಗೇವು ಸೊಂಟದ ಸುತ್ತಲೇ ಇದೆ. ತಾತನ ಅಜ್ಜಿಯ ಹತ್ತಿರ ಎರಡೂ ಇರಲಿಲ್ಲ. ಆಕೆ ಆ ಧಾನ್ಯ ತಿಂದು ಕಲ್ಲು ಹೊರಬೇಕಿತ್ತು. ನಾನು ಕೂತು ಕೀಲಿಮಣೆ ಒತ್ತಬೇಕು.

ತಟ್ಟೆ ತೊಳೆದು ಕುಡಿಯುವ ಅಭ್ಯಾಸ ಬರಗಾಲದ್ದು, ಎಂಟು ರೊಟ್ಟಿ ಸಂಡೂರಿನ ಬೆಟ್ಟದ್ದು, ಎಣ್ಣೆಯ ಕತೆ ಹಂಪಿಯದು. ಮೂರರಿಂದಲೂ ನಾನು ಉಳಿಸಿಕೊಂಡದ್ದು ತಿನ್ನುವ ಭಾಗ ಮಾತ್ರ.

ಆಮೇಲೆ ಏನಾಯಿತು ಅಂತ ಕೇಳುವವರಿಗೆ: ಹಸಿವು ಕಡಿಮೆಯಾಗಿಲ್ಲ. ಅದು ಹಾಗೇ ಇದೆ, ಮಧ್ಯಾಹ್ನ ಹನ್ನೆರಡಕ್ಕೇ ಕೂಗುತ್ತದೆ. ಅದಕ್ಕೆ ಕೊಡುವ ವಸ್ತು ಬದಲಿಸಿದ್ದೇನೆ. ಪೇಸ್ ತನ್ನ ಧಾನ್ಯಗಳ ಪಟ್ಟಿಯಲ್ಲಿ ಹುರುಳಿಯನ್ನೂ ಹೆಸರಿಸಿ ಇವೆಲ್ಲ ಸಾಮಾನ್ಯರ ಊಟ ಅಂದಿದ್ದಾನೆ. ನನ್ನ ಡಬ್ಬಿಯಲ್ಲಿ ಈಗ ದಿನಾ ಅದೇ: ಮೊಳಕೆ ಹುರುಳಿ ಅಥವಾ ಹೆಸರುಕಾಳು, ಒಂದು ರಾಶಿ ಸೊಪ್ಪು, ಎರಡು ಜೋಳದ ರೊಟ್ಟಿ. ಕಾಳು-ಸೊಪ್ಪು ಮೊದಲು, ರೊಟ್ಟಿ ಆಮೇಲೆ. ತಟ್ಟೆಯನ್ನು ಖಾಲಿ ಮಾಡದೆ ಏಳಲು ನನ್ನಿಂದ ಇವತ್ತಿಗೂ ಆಗುವುದಿಲ್ಲ, ಹಾಗಾಗಿ ತಟ್ಟೆಯನ್ನೇ ಚಿಕ್ಕದು ಮಾಡಿದೆ. ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಗಂಟೆ ನಡಿಗೆ, ವಾರಕ್ಕೆ ಮೂರು ದಿನ ಭಾರ ಎತ್ತುವುದು. ಎಣ್ಣೆ ಕುಡಿದಿಲ್ಲ :-) ಊರಿಗೆ ಹೋದಾಗ ಒಗ್ಗರಣೆ-ಮಿರ್ಚಿ ಮಾತ್ರ ಬಿಡಲಾಗಿಲ್ಲ, ಒಂದು ಮಿರ್ಚಿಗೆ ಇಳಿದಿದೆ.

ಐದು ತಿಂಗಳಲ್ಲಿ 96 ಇದ್ದದ್ದು 89 ಆಗಿದೆ. ಮೊನ್ನೆ ಮತ್ತೆ ಕಂಪ್ಲಿಗೆ ಹೋಗಿದ್ದೆ. ಅಜ್ಜಿ ನನ್ನ ಮುಖ ನೋಡಿ, "ಸೊರಗಿ ಹೋಗೀಯಲ್ಲೋ, ಊಟ ಹಾಕಂಗಿಲ್ಲೇನು ಬೆಂಗ್ಳೂರಾಗ?" ಅಂತ ಕಣ್ಣೀರು ಹಾಕಿದರು. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗೆ ಹೊರಟಾಗ ಬಟ್ಟೆಯಲ್ಲಿ ಕಟ್ಟಿ ರೊಟ್ಟಿ ಕೊಟ್ಟರು. ಬರ್ತಿನ ಮೇಲೆ ಕೂತು ಬಿಚ್ಚಿ ಎಣಿಸಿದೆ. ಎಂಟು.