ಗಾಥಿಕ್ ಕಥೆಗಳಲ್ಲಿ ಮೃಗರೂಪವೂ ಸ್ತ್ರೀವಿಮೋಚನೆಯೂ

ಆಂಗ್ಲಭಾಷೆಯಲ್ಲಿ ‘ಗಾಥಿಕ್’ ಎನಿಸಿಕೊಂಡ ಭಯಾನಕ ಕಥಾಪ್ರಕಾರವು ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ (೧೭೬೪) ಗ್ರಂಥದಿಂದ ಮೊದಲಾಯಿತೆಂಬುದು ಪ್ರಸಿದ್ಧ. ಆದರೆ ಈ ಪ್ರಕಾರದ ಆಧುನಿಕ ಲೇಖಕಿಯರಲ್ಲಿ ಅಗ್ರಗಣ್ಯಳಾದ ಆಂಜೆಲಾ ಕಾರ್ಟರಳು (೧೯೪೦–೧೯೯೨) ತನ್ನ ‘ದಿ ಬ್ಲಡಿ ಚೇಂಬರ್’ (೧೯೭೯) ಸಂಕಲನಕ್ಕೆ ಮೂಲದ್ರವ್ಯವನ್ನು ಆ ಪರಂಪರೆಯಿಂದ ಮಾತ್ರವಲ್ಲದೆ ಫ್ರಾನ್ಸಿನ ಅದ್ಭುತಕಥೆಗಳಿಂದಲೂ ತೆಗೆದುಕೊಂಡಿರುವಳು.

ಇವುಗಳಲ್ಲಿ ಸುಂದರಿ ಮತ್ತು ಮೃಗದ ಕಥೆಯ ಚರಿತ್ರೆಯು ವಿಚಾರಾರ್ಹವಾದುದು. ೧೭೪೦ರಲ್ಲಿ ಮದಾಂ ದ ವಿಲ್ನವ್ ವಿಸ್ತಾರವಾಗಿ ಬರೆದುದನ್ನು ೧೭೫೬ರಲ್ಲಿ ಮದಾಂ ಲಪ್ರಾಂಸ್ ದ ಬೋಮಾಂ ಎಂಬ ಉಪಾಧ್ಯಾಯಿನಿಯು ಸಂಗ್ರಹಿಸಿ, ಬಾಲಿಕೆಯರ ಶಿಕ್ಷಣಾರ್ಥವಾಗಿ ಪ್ರಕಟಿಸಿದಳು. ಅಲ್ಲಿ ಮಗಳು ತಂದೆಯ ಪ್ರಾಣಕ್ಕಾಗಿ ಮೃಗದ ಮನೆಗೆ ಹೋಗುವಳು. ಅವಳ ಸದ್ಗುಣದ ಫಲವಾಗಿ ಮೃಗವು ರಾಜಕುಮಾರನಾಗುವುದು. ರೂಪಾಂತರವು ಪುರುಷನ ಪಾಲು, ತಾಳ್ಮೆಯು ಸ್ತ್ರೀಯ ಪಾಲು.

ಕಾರ್ಟರಳ ‘ದಿ ಟೈಗರ್ಸ್ ಬ್ರೈಡ್’ ಕಥೆಯಲ್ಲಿ ತಂದೆಯು ಇಸ್ಪೀಟಿನ ಜೂಜಿನಲ್ಲಿ ಮಗಳನ್ನೇ ಸೋಲುತ್ತಾನೆ. (ಭಾರತದ ದ್ಯೂತಪ್ರಸಂಗವನ್ನು ಬಲ್ಲ ವಾಚಕನಿಗೆ ಈ ಆರಂಭವು ಅಪರಿಚಿತವೆನಿಸದು.) ಗೆದ್ದವನು ಮನುಷ್ಯನ ಮುಖವಾಡವನ್ನು ಧರಿಸಿದ ಹುಲಿ. ಅವಳನ್ನು ವಿವಸ್ತ್ರಳಾಗಿ ಕಾಣಬೇಕೆಂದು ಅವನು ಕೇಳಿದಾಗ ಅವಳು ಒಪ್ಪುವುದಿಲ್ಲ. ಮುಂದೆ ಮೃಗವೇ ಮೊದಲು ವೇಷವನ್ನು ಕಳಚಿ ನಿಜರೂಪವನ್ನು ತೋರಿದ ಮೇಲೆ ಅವಳೂ ತೋರುವಳು. ಆಗ ಮನೆಗೆ ಮರಳಲು ಅನುಮತಿ ದೊರೆಯುತ್ತದೆ. ಅವಳು ಮರಳದೆ, ತನ್ನನ್ನೇ ಹೋಲುವ ಯಂತ್ರದ ದಾಸಿಯನ್ನು ಮಗಳ ಸ್ಥಾನದಲ್ಲಿ ತಂದೆಗೆ ಕಳುಹಿಸಲು ನಿಶ್ಚಯಿಸುತ್ತಾಳೆ. ಹುಲಿಯು ನೆಕ್ಕಿದಂತೆಲ್ಲ ಅವಳ ಚರ್ಮವು ಪದರಪದರವಾಗಿ ಕಳಚಿ, ಅಡಗಿದ್ದ ರೋಮಾವಳಿಯು ಕಾಣುತ್ತದೆ. ಶೃಂಗಾರಬೀಭತ್ಸಗಳಿಗೆ ವಿರೋಧವನ್ನು ವಿಧಿಸಿದ ಆಲಂಕಾರಿಕರಿಗೆ ಇದು ರುಚಿಸುತ್ತಿತ್ತೋ ಇಲ್ಲವೋ! ಆದರೆ ಪಣದ ವಸ್ತುವಾಗಿದ್ದವಳು ಕ್ರಯವಿಕ್ರಯಗಳಿಗೆ ಸಿಲುಕದ ಜೀವಿಯಾದುದೇ ಇದರ ಅರ್ಥ. ಹುಲಿಯು ಉಪಮಾನ ಮಾತ್ರವಾಗಿದ್ದರೆ ಕಥೆಯು ಸಪ್ಪೆಯಾಗುತ್ತಿತ್ತು; ಅಭೇದವೇ ಇದರ ಜೀವ.

ಹಳೆಯ ಕಥೆಯ ಚೌಕಟ್ಟು ಉಳಿದಲ್ಲಿ ಪುರುಷನ ಕಾಮವೇ ಸ್ತ್ರೀಸ್ವಾತಂತ್ರ್ಯದ ಅಳತೆಗೋಲಾಗಿಯೂ ಉಳಿಯುವುದೆಂಬ ತಾತ್ಪರ್ಯದ ಆಕ್ಷೇಪವನ್ನು ೧೯೮೪ರಲ್ಲಿ ಪೆಟ್ರೀಷಿಯಾ ಡಂಕರಳು ಎತ್ತಿದಳು. ಹುಲಿಯ ಕಥೆಗೆ ಇದು ಅಷ್ಟಾಗಿ ತಗುಲದು. ಅಲ್ಲಿ ಬಿಡುಗಡೆಯು ಮೊದಲು, ಸಮಾಗಮವು ಆಮೇಲೆ. ‘ದಿ ಕಂಪನಿ ಆಫ್ ವುಲ್ವ್ಸ್’ ವಿಷಯದಲ್ಲಿ ಮಾತ್ರ ಆಕ್ಷೇಪವು ಬಹುಮಟ್ಟಿಗೆ ನಿಲ್ಲುತ್ತದೆ. ಪೆರೋನ ೧೬೯೭ರ ಕಥೆಯಲ್ಲಿ ತೋಳವು ಬಾಲಿಕೆಯನ್ನು ತಿನ್ನುತ್ತದೆ. ಕಾರ್ಟರಳ ಬಾಲಿಕೆಯು ನಕ್ಕು, ಕೊನೆಗೆ ಅದರ ಪಂಜಗಳ ನಡುವೆ ನಿದ್ರಿಸುತ್ತಾಳೆ. ಮಂಚದ ಕೆಳಗೆ ಸದ್ದುಮಾಡಿದ ಅಜ್ಜಿಯ ಎಲುಬುಗಳನ್ನು ವಿಮರ್ಶಕರು ಮರೆಯತಕ್ಕುದಲ್ಲ.

ಅದೇ ೧೯೮೪ರಲ್ಲಿ ನೀಲ್ ಜೋರ್ಡನ್ನನೊಡನೆ ಕಾರ್ಟರಳು ರಚಿಸಿದ ಚಲಚ್ಚಿತ್ರದಲ್ಲಿ ಬಾಲಿಕೆಯು ತಾನೇ ತೋಳವಾಗಿ ಕಾಡನ್ನು ಸೇರುತ್ತಾಳೆ. ಆದರೂ ಚಿತ್ರದ ಕೊನೆಯಲ್ಲಿ ಕೇಳಿಬರುವುದು ಬಾಲಿಕೆಯರನ್ನು ಎಚ್ಚರಿಸುವ ಪೆರೋನ ನೀತಿಪದ್ಯದ ರೂಪಾಂತರವೇ.