ರಮಾಬಾಯಿಯವರ ತೃಪ್ತಿ ಮತ್ತು ವಾಂಟೇಜಿನ ಆರೋಪ: 1885ರ ಒಂದು ಪತ್ರದ ಮರುಪರಿಶೀಲನೆ

ಪಂಡಿತಾ ರಮಾಬಾಯಿಯವರ ವಿಶ್ವಾಸದ ಬದುಕಿನ ಬಗ್ಗೆ ಬರೆಯಹೊರಟವರು ಸಿಸ್ಟರ್ ಜೆರಾಲ್ಡಿನ್ ಅವರನ್ನು ದಾಟಿ ಹೋಗುವಂತಿಲ್ಲ. ಇಂಗ್ಲೆಂಡಿನ ವಾಂಟೇಜ್ ಊರಿನ ಸೇಂಟ್ ಮೇರಿ ಕನ್ಯಾಸ್ತ್ರೀ ಸಂಘದ ಈಕೆ ರಮಾಬಾಯಿಯವರಿಗೆ ಕ್ರೈಸ್ತ ಬೋಧನೆ ಕೊಟ್ಟವರು, ಮಗಳು ಮನೋರಮೆಯನ್ನು ಅಕ್ಕರೆಯಿಂದ ಸಾಕಿದವರು. ರಮಾಬಾಯಿ ಅವರನ್ನು ‘ಆಜೀಬಾಯಿ’ ಎಂದೇ ಕರೆಯುತ್ತಿದ್ದರು. ಪತ್ರಗಳನ್ನು ಕೂಡಿಟ್ಟು ಕಾಪಾಡಿದವರೂ ಅವರೇ. 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಆ ಪತ್ರಗಳು ಅಚ್ಚಾಗದಿದ್ದರೆ ನಮ್ಮ ಅಧ್ಯಯನಕ್ಕೆ ಬುನಾದಿಯೇ ಇರುತ್ತಿರಲಿಲ್ಲ. ಈ ಋಣವನ್ನು ಒಪ್ಪಿಕೊಂಡೇ ಒಂದು ಮಾತು ಹೇಳಬೇಕು. ಪತ್ರಗಳ ಜೊತೆಗೆ ಜೆರಾಲ್ಡಿನ್ ತಮ್ಮ ತೀರ್ಪನ್ನೂ ನಮಗೆ ದಾಟಿಸಿದ್ದಾರೆ. ಶಿಷ್ಯೆ ಹಟಮಾರಿ, ಜಾತಿಯ ಗರ್ವ ಬಿಡದವಳು, ತನ್ನ ಇಚ್ಛೆಯನ್ನು ದೇವರಿಗೆ ಒಪ್ಪಿಸಲು ಒಲ್ಲದವಳು ಎಂಬುದು ಆ ತೀರ್ಪು. ಪತ್ರಗಳನ್ನು ಓದುವವರು ಬಹುಪಾಲು ಈ ತೀರ್ಪಿನ ಒಳಗೇ ನಿಂತು ಓದುತ್ತ ಬಂದಿದ್ದಾರೆ. ಅದಕ್ಕೆ ಮುಖ್ಯ ಸಾಕ್ಷಿಯೆಂದು ಮುಂದಿಡುವುದು ಊಟದ ವಿಷಯಕ್ಕೆ ಸಂಬಂಧಿಸಿದ 1885ರ ಪತ್ರವ್ಯವಹಾರವನ್ನು. ಆ ಸಾಕ್ಷಿ ಹೇಳುವುದು ಬೇರೆಯೇ ಎಂಬುದು ಈ ಲೇಖನದ ವಾದ.

ಸಂದರ್ಭ ಇಷ್ಟು. 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದ ಮೇಲೂ ರಮಾಬಾಯಿ ಸಸ್ಯಾಹಾರ ಬಿಡಲಿಲ್ಲ. ಮೊಟ್ಟೆ ಹಾಕಿದ ಪುಡಿಂಗ್ ಮುಟ್ಟಲಿಲ್ಲ. ಇದು ಜಾತಿಯ ಪೂರ್ವಗ್ರಹ, ಅದರ ಹಿಂದಿರುವುದು ಗರ್ವ ಎಂದು ಜೆರಾಲ್ಡಿನ್ ಎತ್ತಿ ಆಡಿದರು. ಆಗ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದ ರಮಾಬಾಯಿ ಕೊಟ್ಟ ಉತ್ತರ ಖಾರವಾಗಿಯೇ ಇದೆ. ಬೇಕಿದ್ದರೆ ನನ್ನ ಗರ್ವವನ್ನು ಪುಡಿಂಗಿನಲ್ಲೂ ಹಾಲು ಬೆಣ್ಣೆಯಲ್ಲೂ ಹುಡುಕಿಕೊಳ್ಳಿ ಎಂಬ ಧಾಟಿಯಲ್ಲಿ ಅವರು ಬರೆದರು. ನೀವು ಪೂರ್ವಗ್ರಹ ಎನ್ನುವುದರಿಂದ ನಾನು ಪೂರ್ತಿ ಬಿಡಿಸಿಕೊಂಡಿಲ್ಲ ಎಂದು ಒಪ್ಪಿಕೊಂಡರು. ಹಿಂದೂಗಳ ನಡುವೆ ಬಂದು ನೆಲೆಸಿದ ಇಂಗ್ಲಿಷ್ ಹೆಂಗಸೊಬ್ಬಳು, ಯಾರಿಗೂ ಕೇಡಾಗದ ತನ್ನ ರೂಢಿಗಳನ್ನು ಉಳಿಸಿಕೊಂಡರೆ ಅವಳನ್ನೂ ಗರ್ವಿಷ್ಠೆ ಎನ್ನುತ್ತೀರಾ ಎಂದು ಕೇಳಿದರು.

ಮೊದಲು ಗಮನಿಸಬೇಕಾದದ್ದು, ಈ ಜಗಳ ಯಾವ ದಿಕ್ಕಿನದು ಎಂಬುದನ್ನು. ಸ್ವಸುಖದ ಬೆನ್ನುಹತ್ತಿದವರು ತಟ್ಟೆಗೆ ಇನ್ನಷ್ಟು ಬೇಕು ಎನ್ನುತ್ತಾರೆ. ಇಲ್ಲಿ ಹೆಂಗಸೊಬ್ಬಳು ಇಷ್ಟು ಬೇಡ ಎನ್ನುತ್ತಿದ್ದಾಳೆ. ಅದನ್ನೂ ಸ್ವೇಚ್ಛೆಯೆಂದು ಬಗೆಯಬೇಕಾದರೆ ಅಳತೆಗೋಲೇ ಬೇರೆಯಿರಬೇಕು. ಕನ್ಯಾಸ್ತ್ರೀ ಸಂಘಗಳ ಶಿಸ್ತಿನಲ್ಲಿ, ಮುಂದಿಟ್ಟದ್ದನ್ನು ಮರುಮಾತಿಲ್ಲದೆ ತಿನ್ನುವುದೂ ಸ್ವಂತ ಇಚ್ಛೆಯನ್ನು ಬಿಟ್ಟುಕೊಡುವ ಒಂದು ಸಾಧನೆ. ಆ ಶಿಸ್ತನ್ನು ಮನಸಾರೆ ಆರಿಸಿಕೊಂಡವರಿಗೆ ಅದು ನಿಜವಾದ ದಾರಿಯೇ, ಅದನ್ನು ಹಗುರವಾಗಿ ಕಾಣುವ ಉದ್ದೇಶ ನನ್ನದಲ್ಲ. ಆದರೆ ರಮಾಬಾಯಿ ಸನ್ಯಾಸವ್ರತ ಹಿಡಿದವರಲ್ಲ. ಜೆರಾಲ್ಡಿನ್ ತಮ್ಮ ಸಂಘದ ನಿಯಮವನ್ನೇ ಕ್ರಿಸ್ತನ ನಿಯಮವೆಂದು ಎಣಿಸಿ ಅತಿಥಿಯನ್ನು ಅದರಿಂದ ಅಳೆದರು. ತಪ್ಪು ಆಗಿರುವುದು ಅಳೆದ ಕಡೆ.

ಎರಡನೆಯದು, ವಾಂಟೇಜಿಗೆ ಬರುವ ಮೊದಲೇ ರಮಾಬಾಯಿಯವರಿಗೆ ಅನ್ನದ ಬಗ್ಗೆ ಏನೆಲ್ಲ ತಿಳಿದಿತ್ತು ಎಂಬುದು. ಇದಕ್ಕೆ ಆಧಾರ 1897ರಲ್ಲಿ ಅವರು ಬರೆದ ಬರಗಾಲದ ಅನುಭವಕಥನ. ರಮಾಬಾಯಿಯವರ ತಂದೆ, ನಮ್ಮ ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ, ಹೆಂಡತಿಗೆ ಸಂಸ್ಕೃತ ಕಲಿಸಿ, ಪುರಾಣ ಹೇಳುತ್ತ ಸಂಸಾರ ಸಮೇತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದ ಕಥೆ ಕನ್ನಡ ಓದುಗರಿಗೆ ಗೊತ್ತಿರುವುದೇ. ಬರ ಬಂದಾಗ ಆ ಸಂಸಾರ ನೀರು, ಸೊಪ್ಪುಸದೆ, ಒಂದು ಹಿಡಿ ಕಾಡು ಈಚಲಹಣ್ಣಿನಲ್ಲಿ ದಿನಗಟ್ಟಲೆ ಜೀವ ಹಿಡಿದಿತ್ತು. ತಂದೆ ತಾಯಿ ತೀರಿದ ಮೇಲೆ ಅಣ್ಣ ಶ್ರೀನಿವಾಸ ಮತ್ತು ರಮಾ ಉತ್ತರಕ್ಕೆ ನಡೆದರು. ಝೀಲಂ ನದಿಯ ದಂಡೆಯ ಚಳಿಗೆ ಹೊದೆಯಲು ಗತಿಯಿಲ್ಲದೆ ಇಬ್ಬರೂ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಒಣಮರಳು ಎಳೆದುಕೊಂಡು ರಾತ್ರಿ ಕಳೆದರು.

ಬಡತನದಲ್ಲಿ ಅನಿವಾರ್ಯವಾಗಿ ಹಸಿದದ್ದನ್ನು ತೃಪ್ತಿಯೆನ್ನಲಾದೀತೇ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ, ಮತ್ತು ಅದೇ ನನ್ನ ವಾದವನ್ನು ಮುಂದಕ್ಕೆ ಒಯ್ಯುತ್ತದೆ. 1907ರಲ್ಲಿ ಬರೆದ ತಮ್ಮ ವಿಶ್ವಾಸದ ಸಾಕ್ಷಿಕಥನದಲ್ಲಿ ರಮಾಬಾಯಿ ಆ ದಿನಗಳನ್ನು ಎಲ್ಲೂ ಹೊಗಳಿಲ್ಲ. ಇದ್ದ ಹಣವನ್ನೆಲ್ಲ ದಾನಧರ್ಮಕ್ಕೆ ಸುರಿದು, ಉಪವಾಸ, ಜಪ, ತೀರ್ಥಸ್ನಾನ ಎಲ್ಲವನ್ನೂ ಮಾಡಿದರೂ ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ ಎಂದೇ ಅವರು ಹೇಳುವುದು. ಪುಣ್ಯಕ್ಕಾಗಿ ಮಾಡುವ ತ್ಯಾಗದ ಲೆಕ್ಕವನ್ನು ಇಪ್ಪತ್ತೈದು ತುಂಬುವ ಮೊದಲೇ ಅವರು ಮುಗಿಸಿದ್ದರು. ಆದ್ದರಿಂದ ವಿಧೇಯತೆಯ ಹೆಸರಿನಲ್ಲಿ ಇನ್ನೊಂದು ತ್ಯಾಗವನ್ನು ಮುಂದಿಟ್ಟಾಗ ಅದರ ಗುರುತು ಅವರಿಗೆ ಸಿಕ್ಕಿತು. ನಮ್ಮ ನಾಡಿನ ಪುರೋಹಿತರ ನೊಗವನ್ನು ಈಗಷ್ಟೇ ಇಳಿಸಿದ್ದೇನೆ, ಅಂಥದೇ ಇನ್ನೊಂದಕ್ಕೆ ಹೆಗಲು ಕೊಡಲಾರೆ ಎಂಬರ್ಥದ ಮಾತನ್ನು ಅವರು ಅದೇ ವರ್ಷ ಜೆರಾಲ್ಡಿನ್ ಅವರಿಗೆ ಬರೆದದ್ದು ಈ ಕಾರಣಕ್ಕೆ. ಪುಡಿಂಗಿನ ಪತ್ರವನ್ನು ಈ ಮಾತಿನಿಂದ ಬೇರ್ಪಡಿಸಿ ಓದಿದರೆ ಅದು ಸಣ್ಣತನವಾಗಿ ಕಾಣುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ, ದೇವರಿಗೆ ಸಲ್ಲಬೇಕಾದ ಒಪ್ಪಿಸುವಿಕೆಯನ್ನು ಮನುಷ್ಯರಿಗೆ ಸಲ್ಲಿಸಲು ಒಲ್ಲದ ವಿಶ್ವಾಸಿಯ ನಿಲುವು ಅದು.

ಮೂರನೆಯ ಸಾಕ್ಷಿ ಕೇಡಗಾಂವದ್ದು. ಸಸ್ಯಾಹಾರ ಜಾತಿಯ ಗರ್ವವೇ ಆಗಿದ್ದರೆ, ರಮಾಬಾಯಿ ಅಲ್ಲಿ ಕಟ್ಟಿದ ಆಶ್ರಯಧಾಮವಾದ ಮುಕ್ತಿಸದನದಲ್ಲಿ ಅದು ಬಯಲಾಗಬೇಕಿತ್ತು. 1896–97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ಕರೆತಂದ ಸುಮಾರು 300 ಹುಡುಗಿಯರು, 1900ರ ವೇಳೆಗೆ ಸುಮಾರು 1,500 ಮಂದಿ ಅಲ್ಲಿ ಆಸರೆ ಪಡೆದರು. ಹಲವು ಜಾತಿಗಳವರು, ಕಾಯಿಲೆಯವರು, ಕಣ್ಣು ಕಾಣದವರು, ಯಾರಿಗೂ ಬೇಡವಾದವರು. ಅವರ ನಡುವೆಯೇ ರಮಾಬಾಯಿ ಬದುಕಿದರು. ಬಿಳಿ ಸೀರೆಯ ಆ ವಿಧವೆ ತನ್ನ ಊಟದ ರೂಢಿಯನ್ನು ಯಾರಿಗಿಂತಲೂ ಮೇಲೆನಿಸಿಕೊಳ್ಳಲು ಬಳಸಲಿಲ್ಲ. ಗರ್ವಕ್ಕೂ ರೂಢಿಗೂ ಇರುವ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಸಿಗಬೇಕು?

ಇಲ್ಲಿ ಇನ್ನೊಂದು ಪಕ್ಷದ ಜೊತೆಗೂ ನನ್ನ ತಕರಾರಿದೆ. ರಾಷ್ಟ್ರೀಯವಾದಿ ಚರಿತ್ರೆ ರಮಾಬಾಯಿಯವರನ್ನು ಹೇಗೆ ಮೂಲೆಗೆ ಸರಿಸಿತು ಎಂಬುದನ್ನು ಉಮಾ ಚಕ್ರವರ್ತಿ ತೋರಿಸಿಕೊಟ್ಟರು. ಮೀರಾ ಕೋಸಂಬಿ ರಮಾಬಾಯಿಯವರ ಬರಹಗಳನ್ನೇ ನಮ್ಮ ಕೈಗೆ ತಂದಿತ್ತರು. ಈ ಇಬ್ಬರ ಕೆಲಸವಿಲ್ಲದೆ ಇಂದು ಯಾರೂ ಈ ಕ್ಷೇತ್ರದಲ್ಲಿ ಹೆಜ್ಜೆ ಇಡಲಾರರು. ಆದರೆ ಅವರ ನಂತರ ಒಂದು ಸುಲಭದ ರೂಢಿ ಬೆಳೆದಿದೆ. 1882ರ ಆರ್ಯ ಮಹಿಳಾ ಸಮಾಜ, 1887ರ ‘ಉಚ್ಚಜಾತಿಯ ಹಿಂದೂ ಸ್ತ್ರೀ’, 1889ರ ಶಾರದಾ ಸದನ, ಇವಿಷ್ಟನ್ನು ಮನದುಂಬಿ ವಿವರಿಸಿ, ಮುಕ್ತಿಯ ಪ್ರಾರ್ಥನಾಮಯ ದಶಕಗಳನ್ನು ಹೋರಾಟಗಾರ್ತಿ ದಣಿದು ಭಕ್ತಿಗೆ ಸರಿದ ಕಾಲವೆಂದು ನಾಲ್ಕು ಸಾಲಿನಲ್ಲಿ ಮುಗಿಸುವುದು. ಈ ರೂಢಿಯವರು ಜೆರಾಲ್ಡಿನ್ ಅವರ ತೀರ್ಪನ್ನು ತಲೆಕೆಳಗು ಮಾಡಿದ್ದಾರೆಯೇ ಹೊರತು ಮೀರಿಲ್ಲ. ಹೆಣ್ಣಿನ ಸ್ವಂತ ಇಚ್ಛೆ ಮತ್ತು ದೇವರಲ್ಲಿ ಸಿಗುವ ತೃಪ್ತಿ ಒಂದೇ ಮನೆಯಲ್ಲಿ ಬಾಳಲಾರವು ಎಂದು ಜೆರಾಲ್ಡಿನ್ ಅವರೂ ನಂಬಿದ್ದರು, ಇವರೂ ನಂಬಿದ್ದಾರೆ.

1907ರ ಸಾಕ್ಷಿಕಥನ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಫುಲ್‌ಹ್ಯಾಮ್‌ನಲ್ಲಿ ವಾಂಟೇಜಿನ ಸೋದರಿಯರು ಪತಿತೆಯರೆನಿಸಿಕೊಂಡ ಹೆಂಗಸರಿಗೆ ಮಾಡುತ್ತಿದ್ದ ಸೇವೆಯೇ ತಮ್ಮನ್ನು ಕ್ರಿಸ್ತನ ಕಡೆ ಸೆಳೆಯಿತು ಎಂದು ರಮಾಬಾಯಿ ಅಲ್ಲಿ ಕೃತಜ್ಞತೆಯಿಂದ ನೆನೆಯುತ್ತಾರೆ. ಹಾಗಿದ್ದೂ ತಮಗೆ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ, ಅದು ತಿಳಿದದ್ದು ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ನಂತರ ಎನ್ನುತ್ತಾರೆ. ಆ ಅರಿವು ಅವರನ್ನು ಸುಮ್ಮನೆ ಕೂರಿಸಲಿಲ್ಲ. ಅಮೆರಿಕದ ರಮಾಬಾಯಿ ಸಂಘದ ಹತ್ತು ವರ್ಷಗಳ ನೆರವು ಮುಗಿಯುವ ಹೊತ್ತು ಹತ್ತಿರವಾದಾಗ, ಜಾರ್ಜ್ ಮುಲ್ಲರ್ ದೇವರನ್ನೇ ನಂಬಿ ಅನಾಥಾಲಯ ನಡೆಸಿದ ಕಥೆಯನ್ನು ಓದಿ ಅದೇ ದಾರಿ ಹಿಡಿದರು. ಜೊತೆಗೆ ಬಾವಿ ತೋಡಿಸಿದರು, ಹಣ್ಣಿನ ತೋಟ ಬೆಳೆಸಿದರು, ಮಗ್ಗ ಹೂಡಿಸಿದರು, ಅಚ್ಚುಕೂಟದಲ್ಲಿ ಹುಡುಗಿಯರಿಂದಲೇ ಮೊಳೆ ಜೋಡಣೆ ಮಾಡಿಸಿದರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಮಗಳು ಮನೋರಮೆಯೊಡನೆ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಶಾಲೆಯನ್ನೂ ತೆರೆದರು. 1921ರಲ್ಲಿ ಆ ಮಗಳೇ ತೀರಿಕೊಂಡಳು. ಮರುವರ್ಷ ಏಪ್ರಿಲ್ 5ರಂದು ಕಣ್ಣುಮುಚ್ಚುವವರೆಗೂ ತಾಯಿ ಅನುವಾದದ ಕೆಲಸ ಬಿಡಲಿಲ್ಲ. ಇಷ್ಟನ್ನೂ ದಣಿವೆಂದು ಕರೆಯುವವರು ದಣಿವಿನ ಅರ್ಥವನ್ನು ವಿವರಿಸಬೇಕಾಗುತ್ತದೆ.

ಕ್ರೈಸ್ತ ಹೆಣ್ಣಿನ ತೃಪ್ತಿಯ ಚರಿತ್ರೆಯನ್ನು ನಾವು ಬಹುಕಾಲ ಆಕೆಯ ಮೇಲ್ವಿಚಾರಕರ ದಾಖಲೆಗಳಿಂದ ಬರೆದಿದ್ದೇವೆ. ಮಣಿದವಳು ತೃಪ್ತಳು, ಮರುಮಾತಾಡಿದವಳು ಸ್ವಾರ್ಥಿ ಎಂಬ ಎಣಿಕೆ ಆ ದಾಖಲೆಗಳ ಜೊತೆಗೇ ಬಂದದ್ದು. ರಮಾಬಾಯಿ ಸುಖವನ್ನು ಅರಸಲಿಲ್ಲ, ತ್ಯಾಗವನ್ನು ಪುಣ್ಯದ ಬಂಡವಾಳವಾಗಿಯೂ ಹೂಡಲಿಲ್ಲ. ಸ್ವಂತ ವಿವೇಕವನ್ನು ಯಾರಿಗೂ ಒತ್ತೆಯಿಡದೆ ದೇವರಲ್ಲಿ ಸಾಕೆನಿಸಿಕೊಂಡರು. 1885ರ ಪತ್ರ ಅವರ ಅತೃಪ್ತಿಯ ದಾಖಲೆಯೆಂದು ಇನ್ನು ಮುಂದೆ ಯಾರೂ ಉದ್ಧರಿಸಬಾರದು. ಆ ತೃಪ್ತಿಯ ಮೊದಲ ಷರತ್ತು ಬರಹದಲ್ಲಿ ದಾಖಲಾದದ್ದು ಅಲ್ಲಿಯೇ.