ಬ್ಯಾಸಗ್ಯಾಗೂ ತುಂಬಿ ಹರಿಯೂ ಕಾಳಿ ಹೊಳಿ

ಸೂಟಿ ಬಿತ್ತಂದ್ರ ಹುಬ್ಬಳ್ಳಿ-ಧಾರವಾಡದ ಮನಿಮನ್ಯಾಗ ಒಂದ ಮಾತು, ದಾಂಡೇಲಿಗೆ ಹೋಗೂಣು, ಬೋಟಿಂಗ್ ಮಾಡೂಣು ಅಂತ. ಬುತ್ತಿ ಕಟ್ಟೂದು ನಮ್ಮ ಕೆಲಸ, ಹೊಳ್ಯಾಗ ಇಳಿಯೂದು ಹುಡುಗುರ ಕೆಲಸ. ಆದ್ರ ಅಕ್ಕಾರ, ವೈನಿಯವರ, ಒಂದು ವಿಚಾರ ಮಾಡ್ರಿ. ಏಪ್ರಿಲ್, ಮೇ ತಿಂಗಳದಾಗ ನಮ್ಮ ಕಡೆ ಹಳ್ಳ, ಕೆರಿ ಒಣಗಿ ಬಿರಕ ಬಿಟ್ಟಿರ್ತಾವ. ಅದ ಹೊತ್ತಿನಾಗ ಕಾಳಿ ಹೊಳಿ ಮಾತ್ರ ರಬ್ಬರ್ ಬೋಟು ಎತ್ತಿ ಕುಣಿಸೂವಷ್ಟು ಜೋರಾಗಿ ಹ್ಯಾಂಗ ಹರೀತೈತಿ? ಇದರ ಹಿಂದ ಒಂದು ಊರಿನ ಕಥಿ ಐತಿ.

ಕಾಳಿ ಹುಟ್ಟೂದು ಜೋಯಿಡಾ ತಾಲೂಕಿನ ಡಿಗ್ಗಿ ಕಡೆ. ಸುಮಾರು 184 ಕಿ.ಮೀ. ಹರಿದು ಕಾರವಾರದ ಹತ್ರ ಸಮುದ್ರ ಸೇರ್ತೈತಿ. ಪಾಂಡ್ರಿ ಅನ್ನೂ ಹೊಳಿ ಬಂದು ಕಾಳಿಗೆ ಕೂಡೂ ಜಾಗಾದಾಗ ಸೂಪಾ ಅನ್ನೂ ಊರಿತ್ತು. ತಾಲೂಕಾ ಕಚೇರಿ ಇದ್ದ ಊರು ಅದು. ರಾಜ್ಯಕ್ಕ ಕರೆಂಟು ಬೇಕಂತ ಕರ್ನಾಟಕ ವಿದ್ಯುತ್ ನಿಗಮ ಗಣೇಶಗುಡಿ ಹತ್ರ 101 ಮೀಟರ್ ಎತ್ತರದ ಸೂಪಾ ಡ್ಯಾಮು ಕಟ್ಟಿತು. 1987ಕ್ಕ ಡ್ಯಾಮಿನ ಕೆಲಸ ಮುಗೀತು, ಊರು ನೀರಾಗ ಹೋತು. ಅಲ್ಲಿಯ ಮಂದಿಗೆ ರಾಮನಗರದಾಗ ಜಾಗಾ ಕೊಟ್ಟರು. ಕಚೇರಿ ಜೋಯಿಡಾಕ್ಕ ಬಂತು, ತಾಲೂಕಿನ ಹೆಸರೂ ಜೋಯಿಡಾ ಆತು. ಸೂಪಾ ಅನ್ನೂ ಹೆಸರು ಡ್ಯಾಮಿಗೆ ಉಳೀತು.

ಎಷ್ಟು ನೀರು ಹಿಡೀತೈತಿ ಅಂದ್ರ, ನಮಗ ಕುಡ್ಯಾಕ ಮಲಪ್ರಭಾ ನೀರು ಕೊಡೂ ನವಿಲುತೀರ್ಥದ ಡ್ಯಾಮು ಸುಮಾರು 37 ಟಿಎಂಸಿದು. ಸೂಪಾ ಸುಮಾರು 147 ಟಿಎಂಸಿ, ಅದರ ನಾಕು ಪಟ್ಟಿನಷ್ಟು. ಮಳಿಗಾಲದಾಗ ಹಿಡಿದಿಟ್ಟ ಈ ನೀರನ್ನ ವರ್ಷಾನಗಟ್ಟಲೆ ಸ್ವಲ್ಪ ಸ್ವಲ್ಪ ಬಿಡ್ತಾರ, ನಾವು ಕಣಜದಾಗಿನ ಜೋಳ ತಗದಂಗ.

ಡ್ಯಾಮಿನ ಬುಡಕ್ಕ 50 ಮೆಗಾವ್ಯಾಟಿನ ಎರಡು ಯಂತ್ರ ಅದಾವ. ಅವನ್ನ ತಿರುಗಿಸಿದ ನೀರ ಹೊಳಿಗೆ ಬೀಳ್ತೈತಿ, ದಾಂಡೇಲಿ ದಾಟಿ ಬೊಮ್ಮನಹಳ್ಳಿ ಡ್ಯಾಮು ಸೇರ್ತೈತಿ, ಅಲ್ಲಿಂದ ಸುರಂಗದಾಗ ನಾಗಝರಿ ವಿದ್ಯುತ್ ಮನಿಗೆ ಹೋಗ್ತೈತಿ. ಗಣೇಶಗುಡಿಯಿಂದ ಕೆಳಗ ಹುಡುಗುರು ಬೋಟಿನಾಗ ಕುಣಿಯೂದು ಇದ ನೀರಿನ ಮ್ಯಾಲೆ. ಯಂತ್ರ ತಿರುಗಿದ್ರ ಹೊಳಿ ತುಂಬ್ತೈತಿ, ನಿಂತ್ರ ಬಂಡಿ ಕಾಣ್ತಾವ. ಯಂತ್ರ ಯಾವಾಗ ತಿರುಗಬೇಕು ಅನ್ನೂದು ಬೋಟಿನವ್ರ ಕೈಯಾಗಿಲ್ಲ. ಸಂಜಿಗೆ ಊರೆಲ್ಲಾ ದೀಪ ಹಚ್ಚಿದಾಗ, ನಾವು ಮುಂಜಾನೆ ಮಿಕ್ಸರ್, ಗೀಜರ್ ಹಚ್ಚಿದಾಗ ಕರೆಂಟಿನ ಬೇಡಿಕಿ ಏರ್ತೈತಿ. ಆ ಬೇಡಿಕಿ ನೋಡಿ ನೀರು ಬಿಡ್ತಾರ. ಇವತ್ತು ಬೋಟಿಲ್ಲ ಅಂತ ಅವ್ರು ಅಂದ್ರ ಸಿಟ್ಟು ಮಾಡಬ್ಯಾಡ್ರಿ.

ತುಂಗಭದ್ರಾದಾಗ ಬ್ಯಾರೆ ರೀತಿ. ಅಲ್ಲಿ ಡ್ಯಾಮು ತುಂಬಿ ಗೇಟು ತಗದು ಭಾಳ ನೀರು ಬಿಟ್ರ ಹಂಪ್ಯಾಗ ಹರಗೋಲು ನಿಲ್ಲಿಸಿಬಿಡ್ತಾರ. ಒಂದು ಕಡೆ ಡ್ಯಾಮು ನೀರು ಬಿಟ್ರ ಆಟ, ಇನ್ನೊಂದು ಕಡೆ ಬಿಟ್ರ ಆಟ ಬಂದ್.

ಇದನ್ನೆಲ್ಲಾ ಬರಿಯೂದು ಯಾಕಂದ್ರ, ಡ್ಯಾಮಿನ ಕೆಳಗಿನ ಹೊಳಿ ಮಳಿ ಇಲ್ದನೂ ಏರ್ತೈತಿ. ನಮ್ಮ ಹಿರ್ಯಾರು ಮೋಡ ನೋಡಿ ಹೊಳಿ ದಾಟಾಕ ಕಲಿಸಿದ್ರು. ಇಲ್ಲಿ ಮೋಡ ನೋಡಿದ್ರ ಏನೂ ತಿಳಿಯೂದಿಲ್ಲ. 2014ರ ಜೂನ್ 8ಕ್ಕ ಹಿಮಾಚಲ ಪ್ರದೇಶದ ಬಿಯಾಸ್ ನದ್ಯಾಗ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗುರು ಫೋಟೋ ತಕ್ಕೊಳ್ಳಾಕ ಇಳಿದಿದ್ರು. ಮ್ಯಾಲಿನ ಲಾರ್ಜಿ ಡ್ಯಾಮಿನಿಂದ ನೀರು ಬಿಟ್ಟರು. 24 ವಿದ್ಯಾರ್ಥಿಗಳು ಹರಕೊಂಡು ಹೋದ್ರು. ಅವ್ರೂ ಯಾರೋ ತಾಯಂದಿರು ಬುತ್ತಿ ಕಟ್ಟಿ ಕಳಿಸಿದ ಮಕ್ಕಳ.

ಹಂಗಾಗಿ ದಾಂಡೇಲಿಗೆ ಹೋಗ್ರಿ, ಹುಡುಗುರನ್ನೂ ಕಳಸ್ರಿ. ಆದ್ರ ಬುತ್ತಿ ಗಂಟು ಹೊಳಿ ನಡುವಿನ ಬಂಡಿ ಮ್ಯಾಲೆ ಬಿಚ್ಚಬ್ಯಾಡ್ರಿ, ದಂಡಿ ಮ್ಯಾಲೆ ಎತ್ತರದಾಗ ಕೂಡ್ರಿ. ನೀರು ಯಾವಾಗ ಬಿಡ್ತಾರ ಅಂತ ಅಲ್ಲಿಯವ್ರನ್ನ ಕೇಳಿ ಇಳೀರಿ. ಬೋಟಿನಾಗ ಕೂಡೂ ಹುಡುಗುರಿಗೆ ಲೈಫ್ ಜಾಕೆಟ್ಟು, ಹೆಲ್ಮೆಟ್ಟು ಹಾಕಸ್ರಿ. ಬರೂ ದಾರ್‍ಯಾಗ ಸೂಪಾ ಊರಿನ ಕಥೀನೂ ಹೇಳ್ರಿ. ಒಂದು ಊರು ತನ್ನ ಮನಿ-ಮಠ ಬಿಟ್ಟದ್ದಕ್ಕ ನಮಗ ಕರೆಂಟು ಬಂತು, ಬ್ಯಾಸಗ್ಯಾಗ ಹೊಳಿನೂ ಸಿಕ್ಕಿತು ಅನ್ನೂದು ಮಕ್ಕಳಿಗೆ ಗೊತ್ತಿರಲಿ.